3 ಟನ್ ಗಾಡಿ ಯಾವಾಗಲೂ 3 ಟನ್ ಎತ್ತುವುದಿಲ್ಲ

ಪೀಣ್ಯದ ಶೆಡ್ ಇರಲಿ, ನೆಲಮಂಗಲದ ಗೋಡೌನ್ ಇರಲಿ, ಫೋರ್ಕ್‌ಲಿಫ್ಟನ್ನು ಎಲ್ಲರೂ ಗುರುತಿಸುವುದು ಟನ್ನಿನ ಲೆಕ್ಕದಲ್ಲಿ. ‘ಮೂರು ಟನ್ ಗಾಡಿ ತಗೊಂಬನ್ನಿ’ ಎಂದರೆ ಸಾಕು, ಅದು ಮೂರು ಟನ್ ಎತ್ತಿಯೇ ತೀರುತ್ತದೆ ಎಂದು ಎಲ್ಲರೂ ನಂಬಿರುತ್ತಾರೆ. ಆದರೆ ಆ ಸಂಖ್ಯೆಗೆ ಒಂದು ಷರತ್ತಿದೆ. ಅದನ್ನು ಆಪರೇಟರ್ ಸೀಟಿನ ಮುಂದೆ ಇರುವ ಲೋಹದ ಪ್ಲೇಟಿನಲ್ಲಿ ಬರೆದಿರುತ್ತಾರೆ: 500 ಮಿ.ಮೀ. ಲೋಡ್ ಸೆಂಟರ್‌ನಲ್ಲಿ, ಇಷ್ಟು ಎತ್ತರದವರೆಗೆ, 3000 ಕೆ.ಜಿ. ಗ್ರೀಸ್ ಮೆತ್ತಿ, ಪೇಂಟ್ ಬಳಿದು ಈ ಪ್ಲೇಟೇ ಕಾಣದಂತಾದ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಪ್ಲೇಟ್ ಓದಲು ಬಾರದ ಗಾಡಿಯನ್ನು, ಕಂಪನಿಯಿಂದ ಹೊಸ ಪ್ಲೇಟ್ ತರಿಸಿ ಹಾಕುವ ತನಕ, ಕೆಲಸಕ್ಕೆ ಬಿಡಬಾರದು.

ಲೋಡ್ ಸೆಂಟರ್ ಎಂದರೆ ಫೋರ್ಕಿನ (ಸರಕಿನ ಅಡಿಗೆ ತೂರುವ, L ಆಕಾರದ ಎರಡು ಕಡ್ಡಿಗಳ) ನೆಟ್ಟಗೆ ನಿಂತ ಭಾಗದಿಂದ ಸರಕಿನ ಭಾರದ ನಡುಬಿಂದುವಿಗೆ ಇರುವ ದೂರ. ಫೋರ್ಕ್‌ಲಿಫ್ಟ್ ಒಂದು ತಕ್ಕಡಿ. ಮುಂದಿನ ಆಕ್ಸಲ್ ಅದರ ಆಧಾರಬಿಂದು. ಒಂದು ಕಡೆ ಸರಕು, ಇನ್ನೊಂದು ಕಡೆ ಎಂಜಿನ್ ಮತ್ತು ಹಿಂದಿನ ಎರಕದ ಕೌಂಟರ್‌ವೇಟ್. ಸರಕಿನ ತೂಕ ಅಷ್ಟೇ ಇದ್ದು ಅದು ಮುಂದಕ್ಕೆ ಸರಿದರೂ ಆ ಕಡೆ ಜಗ್ಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. 3 ಟನ್ ಡೀಸೆಲ್ ಗಾಡಿಯಲ್ಲಿ ಮುಂದಿನ ಆಕ್ಸಲ್‌ನಿಂದ ಫೋರ್ಕಿನ ನೆಟ್ಟಗಿನ ಭಾಗಕ್ಕೆ ಸುಮಾರು 480 ಮಿ.ಮೀ. ಇದೆ ಎಂದುಕೊಳ್ಳಿ. 480ಕ್ಕೆ 500 ಸೇರಿಸಿದರೆ 980. ಅದನ್ನು 3000ದಿಂದ ಗುಣಿಸಿದರೆ 29,40,000. ಈ ಗಾಡಿ ತಡೆದುಕೊಳ್ಳುವುದು ಅಷ್ಟನ್ನೇ. ಈಗ 1200 ಮಿ.ಮೀ. ಉದ್ದದ ಪ್ಯಾಲೆಟ್ಟನ್ನು (ಸರಕು ಪೇರಿಸುವ ಹಲಗೆಯನ್ನು) ಉದ್ದಕ್ಕೆ ಎತ್ತಿದರೆ ಲೋಡ್ ಸೆಂಟರ್ 600 ಆಗುತ್ತದೆ. 29,40,000ವನ್ನು 1080ರಿಂದ ಭಾಗಿಸಿದರೆ ಸಿಗುವುದು ಸುಮಾರು 2720 ಕೆ.ಜಿ. ಸರಕು 1500 ಮಿ.ಮೀ. ಉದ್ದವಿದ್ದರೆ 2390 ಕೆ.ಜಿ. ಎರಡು ಮೀಟರ್ ಉದ್ದದ ಮೆಷಿನ್ ಪೆಟ್ಟಿಗೆಯಾದರೆ 2000 ಕೆ.ಜಿ.ಗೂ ಕಡಿಮೆ. ಮೂರು ಟನ್ ಗಾಡಿಯ ಮೂರನೇ ಒಂದು ಭಾಗ ಹೀಗೆ ಕರಗಿಹೋಯಿತು. ಇದು ಅಂದಾಜಿನ ಲೆಕ್ಕ ಮಾತ್ರ. ಎತ್ತರ ಹೆಚ್ಚಿದಂತೆ ಸಾಮರ್ಥ್ಯ ಇನ್ನೂ ಇಳಿಯುತ್ತದೆ, ಹಾಗಾಗಿ ಕೊನೆಯ ಮಾತು ಪ್ಲೇಟಿನದೇ. ಫೋರ್ಕನ್ನು ಪಕ್ಕಕ್ಕೆ ಸರಿಸುವ ಸೈಡ್ ಶಿಫ್ಟರ್, ಸರಕನ್ನು ಅಪ್ಪಿ ಹಿಡಿಯುವ ಕ್ಲ್ಯಾಂಪ್, ಸರಕು ನೇತುಹಾಕುವ ತೋಳಾದ ಜಿಬ್ ಇವುಗಳಲ್ಲಿ ಯಾವುದನ್ನು ಹಾಕಿಸಿದರೂ ಅದರ ಸ್ವಂತ ತೂಕ ಸೇರುತ್ತದೆ, ಸರಕು ಮುಂದಕ್ಕೂ ಸರಿಯುತ್ತದೆ. ಆಗ ಆ ಅಟ್ಯಾಚ್‌ಮೆಂಟಿಗೆ ಹೊಂದುವ ಬೇರೆ ಪ್ಲೇಟ್ ಬೇಕು.

ಉದ್ದ ಸರಕಿಗೆ ಫೋರ್ಕೂ ಉದ್ದವಿರಬೇಕು. ಸರಕಿನ ಉದ್ದದ ಮೂರನೇ ಎರಡು ಭಾಗವಾದರೂ ಫೋರ್ಕ್ ಒಳಗೆ ಹೋಗಬೇಕು ಎಂಬುದು ರೂಢಿಯ ಅಳತೆ. ಫೋರ್ಕ್ ಸಾಲದೆ ಎಕ್ಸ್‌ಟೆನ್ಷನ್ ಹಾಕಿದರೆ ಆಸರೆ ಉದ್ದವಾಗುತ್ತದೆ, ಸಾಮರ್ಥ್ಯ ಹೆಚ್ಚುವುದಿಲ್ಲ. ಇದನ್ನು ತಿರುಗುಮುರುಗಾಗಿ ತಿಳಿದುಕೊಂಡವರೇ ಹೆಚ್ಚು.

ಭಾರ ಮೀರಿದರೆ ಮೊದಲು ತಿಳಿಯುವುದು ಹಿಂದಿನ ಚಕ್ರದಲ್ಲಿ. ಅದು ಹಗುರಾಗುತ್ತದೆ, ಕೆಲವೊಮ್ಮೆ ನೆಲ ಬಿಡುತ್ತದೆ. ಫೋರ್ಕ್‌ಲಿಫ್ಟಿನ ಸ್ಟೀರಿಂಗ್ ಇರುವುದು ಹಿಂದಿನ ಚಕ್ರಕ್ಕೆ. ಅದು ಎದ್ದರೆ ಗಾಡಿಗೆ ದಿಕ್ಕೇ ಇಲ್ಲ. ಆಗ ಇಬ್ಬರು ಹಮಾಲರನ್ನು ಕರೆದು ಕೌಂಟರ್‌ವೇಟ್ ಮೇಲೆ ಹತ್ತಿಸಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಇದಕ್ಕಿಂತ ಅಪಾಯದ ಕೆಲಸ ಈ ಗಾಡಿಯಲ್ಲಿ ಇನ್ನೊಂದಿಲ್ಲ. ಮಾಸ್ಟ್ (ಫೋರ್ಕ್ ಏರಿಳಿಯುವ ಮುಂದಿನ ಕಂಬ), ಚೈನ್, ಹೈಡ್ರಾಲಿಕ್ ಹೋಸ್ ಎಲ್ಲವೂ ಆಗಲೇ ಮಿತಿ ದಾಟಿರುತ್ತವೆ. ಹಿಂದೆ ನಿಂತ ಇಬ್ಬರು ಅವುಗಳ ಭಾರವನ್ನು ಒಂದು ಗ್ರಾಂ ಕೂಡ ಇಳಿಸುವುದಿಲ್ಲ. ಗಾಡಿ ಒಮ್ಮೆ ಕುಪ್ಪಳಿಸಿದರೆ ಮೊದಲು ಬೀಳುವವರು ಅವರೇ. ಸರಕನ್ನು ಎರಡು ಪಾಲು ಮಾಡಿ, ಇಲ್ಲವೇ 5 ಟನ್ ಗಾಡಿ ಬಾಡಿಗೆಗೆ ತರಿಸಿ. ಮೂರನೆಯ ದಾರಿ ಇಲ್ಲ.

ಖಾಲಿ ಗಾಡಿಯೇ ಹೆಚ್ಚು ಮಗುಚುತ್ತದೆ

ಫೋರ್ಕ್‌ಲಿಫ್ಟಿಗೆ ನಾಲ್ಕು ಚಕ್ರ ಕಂಡರೂ ಅದು ನಿಂತಿರುವುದು ಮೂರು ಬಿಂದುಗಳ ಮೇಲೆ. ಹಿಂದಿನ ಆಕ್ಸಲ್ ನಡುವಿನ ಒಂದು ಪಿನ್ ಮೇಲೆ ಓಲಾಡುತ್ತದೆ. ಮುಂದಿನ ಎರಡು ಚಕ್ರ ಮತ್ತು ಆ ಪಿನ್ ಸೇರಿ ಒಂದು ತ್ರಿಕೋನ. ಗಾಡಿಯ ಭಾರದ ನಡುಬಿಂದು ಈ ತ್ರಿಕೋನದ ಒಳಗೆ ಇರುವ ತನಕ ಗಾಡಿ ನಿಲ್ಲುತ್ತದೆ, ಹೊರಗೆ ಜಾರಿದರೆ ಮಗುಚುತ್ತದೆ.

ಲೋಡ್ ಇದ್ದಾಗ ಆ ನಡುಬಿಂದು ಮುಂದಕ್ಕೆ, ತ್ರಿಕೋನದ ಅಗಲವಾದ ಕಡೆಗೆ ಬರುತ್ತದೆ. ಖಾಲಿಯಾದಾಗ ಹಿಂದಕ್ಕೆ, ಕಿರಿದಾದ ತುದಿಯ ಕಡೆಗೆ ಹೋಗುತ್ತದೆ. ಅದಕ್ಕೇ ಖಾಲಿ ಗಾಡಿಯನ್ನು ವೇಗವಾಗಿ ತಿರುಗಿಸಿದರೆ ಅದು ಪಕ್ಕಕ್ಕೆ ಉರುಳುವುದು ಸುಲಭ. ಲೋಡ್ ಇಳಿಸಿದ ಕೂಡಲೇ ಆಪರೇಟರ್‌ಗೆ ಮೈ ಹಗುರಾಗುತ್ತದೆ, ವಾಪಸ್ ಬರುವಾಗ ವೇಗ ಹೆಚ್ಚುತ್ತದೆ, ಮೂಲೆಯಲ್ಲಿ ಸ್ಟೀರಿಂಗ್ ಗಕ್ಕನೆ ತಿರುಗುತ್ತದೆ. ಫೋರ್ಕ್ ಮೇಲೇರಿಸಿಕೊಂಡೇ ಬಂದಿದ್ದರೆ ಕೇಳುವುದೇ ಬೇಡ.

ಗಾಡಿ ಉರುಳತೊಡಗಿದಾಗ ಹಾರಬೇಕು ಅನ್ನಿಸುವುದು ಸಹಜ. ಹಾರಬೇಡಿ. ಮನುಷ್ಯ ಹಾರುವುದು ಗಾಡಿ ಬೀಳುವ ಕಡೆಗೇ, ತಲೆಯ ಮೇಲಿನ ಓವರ್‌ಹೆಡ್ ಗಾರ್ಡ್ ಬಂದು ಬೀಳುವುದೂ ಅಲ್ಲಿಗೇ. ಸೀಟಿನಲ್ಲೇ ಕುಳಿತು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಕಾಲುಗಳನ್ನು ನೆಲಕ್ಕೆ ಒತ್ತಿ, ಬೀಳುವ ಕಡೆಯಿಂದ ದೂರಕ್ಕೆ ಮೈ ವಾಲಿಸಿ. ಸೀಟ್ ಬೆಲ್ಟ್ ಕಟ್ಟಿದ್ದರೆ ಮಾತ್ರ ಇದು ಸಾಧ್ಯ. ‘ನಿಮಿಷಕ್ಕೊಮ್ಮೆ ಹತ್ತಿ ಇಳಿಯೋ ಕೆಲಸ, ಬೆಲ್ಟ್ ಯಾರು ಕಟ್ಟುತ್ತಾರೆ’ ಎನ್ನುವವರಿಗೆ ಉತ್ತರವೂ ಅದರಲ್ಲೇ ಇದೆ: ನಿಮಿಷಕ್ಕೊಮ್ಮೆ ಇಳಿಯಬೇಕಾದರೆ ಹೆಲ್ಪರ್ ಇಲ್ಲ ಎಂದರ್ಥ, ಅದನ್ನು ಸೂಪರ್‌ವೈಸರ್ ಸರಿಪಡಿಸಬೇಕು. ಈ ಮಾತು ಕುಳಿತು ಓಡಿಸುವ ಗಾಡಿಗೆ ಮಾತ್ರ. ನಿಂತು ಓಡಿಸುವ, ಹಿಂದೆ ತೆರೆದಿರುವ ರೀಚ್ ಟ್ರಕ್ಕಿನಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟು ಹೊರಬರುವುದು ರೂಢಿ. ಒಂದು ಗಾಡಿ ಕಲಿತವರನ್ನು ತರಬೇತಿ ಇಲ್ಲದೆ ಇನ್ನೊಂದಕ್ಕೆ ಹತ್ತಿಸಬಾರದು ಎನ್ನಲು ಇದೊಂದೇ ಕಾರಣ ಸಾಕು. ಕಾರಿನ ಡ್ರೈವಿಂಗ್ ಲೈಸೆನ್ಸ್ ಇದೆ ಎಂಬುದಂತೂ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಓಡಿಸುವಾಗ

ಫೋರ್ಕ್ ನೆಲದಿಂದ 15ರಿಂದ 20 ಸೆಂ.ಮೀ. ಎತ್ತರದಲ್ಲಿರಲಿ, ಮಾಸ್ಟ್ ಹಿಂದಕ್ಕೆ ವಾಲಿರಲಿ. ಅದಕ್ಕಿಂತ ಕೆಳಗಿದ್ದರೆ ನೆಲದ ಜಾಯಿಂಟಿಗೆ, ಶಟರಿನ ಹೊಸ್ತಿಲಿಗೆ ತುದಿ ತಗಲುತ್ತದೆ. ಮೇಲಿದ್ದರೆ ಸಮತೋಲ ಹೋಗುತ್ತದೆ, ಎದುರಿನವರ ಮೊಣಕಾಲಿಗೂ ಬಡಿಯುತ್ತದೆ. ಸರಕು ಎದುರಿನ ನೋಟವನ್ನು ಮುಚ್ಚಿದರೆ ರಿವರ್ಸಿನಲ್ಲಿ, ಹೋಗುವ ಕಡೆಗೆ ಮುಖ ತಿರುಗಿಸಿ ಓಡಿಸಿ. ಪಕ್ಕಕ್ಕೆ ತಲೆ ಹಾಕಿ ಇಣುಕುತ್ತಾ ಮುಂದೆ ಹೋಗುವುದು ಬೇಡ. ಮಾಸ್ಟಿನ ಕಂಬಕ್ಕೂ ಗೋಡೆಗೂ ನಡುವೆ ತಲೆ ಸಿಕ್ಕಿಕೊಳ್ಳುತ್ತದೆ.

ರ‍್ಯಾಂಪಿನಲ್ಲಿ ನಿಯಮ ಒಂದೇ. ಲೋಡ್ ಇದ್ದರೆ ಸರಕು ಏರಿನ ಕಡೆಗೆ ಇರಬೇಕು: ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್. ಖಾಲಿ ಇದ್ದರೆ ಇದರ ಉಲ್ಟಾ, ಫೋರ್ಕ್ ಇಳಿಜಾರಿನ ಕಡೆಗೆ. ರ‍್ಯಾಂಪಿನ ಮೇಲೆ ತಿರುಗಿಸುವುದಾಗಲಿ, ಅಡ್ಡಡ್ಡ ಹೋಗುವುದಾಗಲಿ ಕೂಡದು. ನೋಟ ಮುಚ್ಚುವಷ್ಟು ದೊಡ್ಡ ಸರಕನ್ನು ಹತ್ತಿಸಬೇಕಾದರೆ ದಾರಿ ತೋರಿಸುವವರೊಬ್ಬರು ಬೇಕು, ಅವರು ಆಪರೇಟರ್ ಕಣ್ಣಿಗೆ ಕಾಣುವಂತೆ ನಿಲ್ಲಬೇಕು, ಗಾಡಿ ಹೋಗುವ ದಾರಿಯಲ್ಲಲ್ಲ. ಮಳೆಗಾಲದಲ್ಲಿ ಹೊರಗಿನ ನೀರು, ಕೆಸರು ಚಕ್ರಕ್ಕೆ ಅಂಟಿ ಒಳಗಿನ ನುಣುಪು ಎಪಾಕ್ಸಿ ನೆಲಕ್ಕೆ ಬರುತ್ತದೆ. ಸಾಲಿಡ್ ಟೈರಿಗೆ ಅಲ್ಲಿ ಹಿಡಿತವೇ ಇಲ್ಲ. ಬಾಗಿಲಲ್ಲಿ ಒರಟು ಮ್ಯಾಟ್ ಹಾಕಿಸಿ.

ಹಿಂದಿನ ಚಕ್ರ ತಿರುಗುವುದರಿಂದ ಗಾಡಿಯ ಹಿಂಭಾಗ ಹೊರಕ್ಕೆ ಬೀಸುತ್ತದೆ. ಕಾರು ಓಡಿಸಿ ಬಂದವರಿಗೆ ಒಗ್ಗಲು ಹೊತ್ತು ಹಿಡಿಯುವ ಸಂಗತಿ ಇದು. ಪಕ್ಕದಲ್ಲಿ ನಿಂತವರು ಫೋರ್ಕಿನಿಂದ ದೂರವಿದ್ದೇನೆ ಎಂದು ಧೈರ್ಯವಾಗಿರುತ್ತಾರೆ, ಕೌಂಟರ್‌ವೇಟ್ ಬಂದು ಗೋಡೆಗೆ ಒತ್ತುತ್ತದೆ. ವೇಗ ಗಂಟೆಗೆ 10 ಕಿ.ಮೀ. ಇದ್ದರೂ ಗಾಡಿ ಸೆಕೆಂಡಿಗೆ ಸುಮಾರು 2.8 ಮೀಟರ್ ಹೋಗುತ್ತದೆ. ಆಪರೇಟರ್ ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಮೂರು ಮೀಟರ್ ಮುಗಿದಿರುತ್ತದೆ. ಲೋಡ್ ಇಟ್ಟುಕೊಂಡು ಜೋರಾಗಿ ಬ್ರೇಕ್ ಒತ್ತಿದರೆ ಪ್ಯಾಲೆಟ್ ಜಾರಿ ಮುಂದೆ ಬೀಳುತ್ತದೆ. ಜನ ಓಡಾಡುವ ಕಡೆ ನಡಿಗೆಯ ವೇಗವೇ ಸರಿ.

ರ‍್ಯಾಕಿಗೆ ಏರಿಸುವಾಗ ಆತುರ ಮಾಡುವುದು ಸಾಮಾನ್ಯವಾಗಿ ಕೊನೆಯ ಅರ್ಧ ಮೀಟರಿನಲ್ಲಿ. ರ‍್ಯಾಕಿಗೆ ನೇರವಾಗಿ ಬಂದು, 20-30 ಸೆಂ.ಮೀ. ಬಿಟ್ಟು ನಿಂತು, ನಂತರ ಎತ್ತಬೇಕು, ಎತ್ತುತ್ತಾ ಹೋಗುವುದಲ್ಲ. ಬೀಮಿಗಿಂತ ಒಂದು ಕೈ ಮೇಲೆ ಬಂದ ಮೇಲೆ ಮಾಸ್ಟ್ ನೆಟ್ಟಗೆ ಮಾಡಿ, ಗಾಡಿಯನ್ನು ಇಂಚಿಂಚೇ ಸರಿಸುವ ಇಂಚಿಂಗ್ ಪೆಡಲಿನಲ್ಲಿ ನಿಧಾನಕ್ಕೆ ಒಳಗೆ ಹೋಗಿ, ಎರಡೂ ಬೀಮಿನ ಮೇಲೆ ಪ್ಯಾಲೆಟ್ ಕೂತಿದೆಯೇ ನೋಡಿ ಇಳಿಸಿ. ಹಿಂದೆ ನೋಡಿಕೊಂಡು ಫೋರ್ಕ್ ಪೂರ್ತಿ ಹೊರಗೆ ತೆಗೆದು, ಕೆಳಗಿಳಿಸಿ, ಆಮೇಲೆ ತಿರುಗಿಸಿ. ಸರಕು ಮೇಲಿರುವಾಗ ಮಾಸ್ಟನ್ನು ನೆಟ್ಟಗಿಗಿಂತಲೂ ಮುಂದಕ್ಕೆ ವಾಲಿಸುವುದು ರ‍್ಯಾಕಿನ ಮೇಲೆ ಬಂದ ನಂತರ ಮಾತ್ರ. ರ‍್ಯಾಕಿನ ಕಂಬಕ್ಕೆ ಗಾಡಿ ತಗಲಿ ಕಂಬ ಬಾಗಿದ್ದರೆ ಮುಚ್ಚಿಡಬೇಡಿ. ಆ ಸಾಲಿನ ಸರಕನ್ನು ಮೊದಲು ಇಳಿಸಿ, ಆಮೇಲೆ ಕಂಬ ಬದಲಿಸಿ. ತಗಲಿಸಿದವರಿಗೆ ದಂಡ ಹಾಕುವ ಕಡೆ ಯಾರೂ ಬಾಯಿ ಬಿಡುವುದಿಲ್ಲ, ಬಾಗಿದ ಕಂಬದ ಕೆಳಗೇ ಜನ ಕೆಲಸ ಮಾಡುತ್ತಾರೆ.

ಫೋರ್ಕಿನ ಎರಡು ಕಡ್ಡಿಗಳನ್ನು ಪ್ಯಾಲೆಟ್ ಬಿಟ್ಟಷ್ಟು ಅಗಲಕ್ಕೆ, ನಡುವಿನಿಂದ ಸಮ ದೂರಕ್ಕೆ ಇಟ್ಟು ಲಾಕ್ ಪಿನ್ ಕೂರಿಸಿ. 50 ಕೆ.ಜಿ.ಯ 40 ಸಿಮೆಂಟ್ ಚೀಲದ ಪ್ಯಾಲೆಟ್ 2 ಟನ್. ಮರ ಹಳೆಯದಾಗಿದ್ದರೆ ಅದು ಮುರಿಯುವುದೂ ಮೇಲೆ ಹೋದ ಮೇಲೆಯೇ. ಜಂಬೋ ಬ್ಯಾಗನ್ನು (ಹಿಡಿಕೆ ಇರುವ ಭಾರಿ ಚೀಲವನ್ನು) ಫೋರ್ಕಿಗೆ ನೇತುಹಾಕಿ ಒಯ್ಯುವಾಗ ಕಡ್ಡಿಯ ಹರಿತ ಅಂಚು ಅದರ ಹಿಡಿಕೆಯನ್ನು ಕತ್ತರಿಸುತ್ತದೆ, ಅಂಚಿಗೆ ಕವಚ ಹಾಕಿ. ನೇತಾಡುವ ಸರಕು ಬ್ರೇಕ್ ಹಾಕಿದಾಗ ಮುಂದಕ್ಕೆ ತೂಗುತ್ತದೆ, ಅಂದರೆ ಲೋಡ್ ಸೆಂಟರ್ ಬದಲಾಗುತ್ತಲೇ ಇರುತ್ತದೆ.

ಜಿಗಣಿಯ ಕಲ್ಲಿನ ಕಾರ್ಖಾನೆಗಳಲ್ಲಿ ಗ್ರಾನೈಟ್ ಸ್ಲ್ಯಾಬ್ ಸಾಗಿಸುವವರು ಈ ಮಾತನ್ನು ಹೆಚ್ಚು ಗಮನಿಸಬೇಕು. 3 ಮೀಟರ್ ಉದ್ದ, 2 ಮೀಟರ್ ಅಗಲ, 20 ಮಿ.ಮೀ. ದಪ್ಪದ ಒಂದೇ ಸ್ಲ್ಯಾಬ್ ಸುಮಾರು 320 ಕೆ.ಜಿ. ತೂಗುತ್ತದೆ. ತೂಗಾಡದಿರಲೆಂದು ಕೈಯಿಂದ ಹಿಡಿದುಕೊಂಡು ಪಕ್ಕದಲ್ಲೇ ನಡೆಯುವವರು ಅದು ಜಾರಿದರೆ ತಡೆಯಲಾರರು. ಎರಡೂ ತುದಿಗೆ ಹಗ್ಗ ಕಟ್ಟಿ ದೂರದಿಂದ ಹಿಡಿಯಿರಿ, ಸ್ಲ್ಯಾಬ್ ಬೀಳಬಹುದಾದ ಜಾಗದಲ್ಲಿ ಯಾರೂ ನಿಲ್ಲದಿರಲಿ.

ಲಾರಿಯ ಒಳಗೆ

ಡಾಕಿನಲ್ಲಿ (ಲಾರಿಗೆ ಸರಕು ಏರಿಸಿ ಇಳಿಸುವ ಕಟ್ಟೆಯಲ್ಲಿ) ಆಗುವ ಅನಾಹುತಕ್ಕೆ ಮುಖ್ಯ ಕಾರಣ ಲಾರಿ ಸರಿಯುವುದು. ಪ್ರತಿ ಸಲ ಗಾಡಿ ಒಳಗೆ ಹೋಗಿ ಬ್ರೇಕ್ ಹಾಕಿದಾಗಲೂ ಲಾರಿ ಸ್ವಲ್ಪ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಡ್ರೈವರ್ ‘ಆಯ್ತು’ ಎಂದುಕೊಂಡು ಗಾಡಿ ಒಳಗಿರುವಾಗಲೇ ಹೊರಟುಬಿಡುವುದೂ ಉಂಟು. ಹ್ಯಾಂಡ್ ಬ್ರೇಕ್, ಎರಡು ಚಕ್ರಕ್ಕೆ ಗೂಟ, ಲಾರಿಯ ಕೀ ಗೋಡೌನಿನ ಹುಕ್ಕಿನಲ್ಲಿ. ಈ ಮೂರೂ ಆಗದೆ ಫೋರ್ಕ್‌ಲಿಫ್ಟ್ ಒಳಗೆ ಹೋಗಬಾರದು. ಹಾರ್ಸ್ (ಎಳೆಯುವ ಎಂಜಿನ್ ಭಾಗ) ಬಿಚ್ಚಿ ನಿಲ್ಲಿಸಿದ ಟ್ರೇಲರಾದರೆ ಮುಂಭಾಗಕ್ಕೆ ಜಾಕ್ ಕೊಡಿ.

ನೆಲದ ಬಲವನ್ನೂ ಲೆಕ್ಕ ಹಾಕಿ. 3 ಟನ್ ಗಾಡಿಯ ಸ್ವಂತ ತೂಕವೇ 4 ಟನ್ನಿಗಿಂತ ಹೆಚ್ಚು. ಪೂರ್ತಿ ಲೋಡ್ ಸೇರಿದರೆ 7 ಟನ್ ದಾಟುತ್ತದೆ, ಅದರಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ಬೀಳುವುದು ಮುಂದಿನ ಆಕ್ಸಲ್ ಮೇಲೆ. ಹಳೆಯ ಲಾರಿಯ ಹಲಗೆ ಇದನ್ನು ತಡೆಯುವುದಿಲ್ಲ. ಕಂಟೇನರ್ ಆದರೆ ಎತ್ತರವನ್ನೂ ನೋಡಬೇಕು: ಸಾಮಾನ್ಯ ಕಂಟೇನರಿನ ಬಾಗಿಲು ಸುಮಾರು 2.28 ಮೀಟರ್. ಮಾಸ್ಟ್ ಇಳಿಸಿದಾಗ ಅದಕ್ಕಿಂತ ಕಡಿಮೆ ಇರಬೇಕು, ಜೊತೆಗೆ ಮಾಸ್ಟ್ ಏಳದೆ ಫೋರ್ಕ್ ಮಾತ್ರ ಏಳುವ ಫ್ರೀ ಲಿಫ್ಟ್ ಸೌಲಭ್ಯ ಬೇಕು. ಡೀಸೆಲ್ ಗಾಡಿಯನ್ನು ಕಂಟೇನರ್ ಒಳಗೆ, ಮುಚ್ಚಿದ ಶೆಡ್ಡಿನಲ್ಲಿ ಹೊತ್ತುಗಟ್ಟಲೆ ಓಡಿಸಬೇಡಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ತಲೆನೋವು, ತಲೆಸುತ್ತು ಶುರುವಾದರೆ ಕೆಲಸ ನಿಲ್ಲಿಸಿ ಹೊರಗೆ ಬನ್ನಿ.

ಶಿಫ್ಟ್ ಶುರುವಿನ ಹತ್ತು ನಿಮಿಷ

ಗಾಡಿ ಸ್ಟಾರ್ಟ್ ಮಾಡುವ ಮೊದಲು ಸುತ್ತ ಒಂದು ಸಲ ನಡೆಯಿರಿ. ಕೆಳಗೆ ಎಣ್ಣೆ ಬಿದ್ದಿದೆಯೇ, ಟೈರಿನ ರಬ್ಬರ್ ತುಂಡಾಗಿ ಎದ್ದಿದೆಯೇ, ವೀಲ್ ನಟ್ ಸಡಿಲವೇ, ಎರಡೂ ಚೈನ್ ಒಂದೇ ಬಿಗಿಯಲ್ಲಿವೆಯೇ. ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್. ಸ್ಟಾರ್ಟ್ ಆದ ಮೇಲೆ ಹಾರ್ನ್, ರಿವರ್ಸ್ ಬಜರ್, ಬ್ರೇಕ್, ಹ್ಯಾಂಡ್ ಬ್ರೇಕ್. ಮಾಸ್ಟನ್ನು ಪೂರ್ತಿ ಎತ್ತಿ ಇಳಿಸಿ, ಜರ್ಕ್ ಇದೆಯೇ ನೋಡಿ. ಹೈಡ್ರಾಲಿಕ್ ಹೋಸ್ ಎಲ್ಲಿ ಸೋರುತ್ತಿದೆ ಎಂದು ಬೆರಳಿನಿಂದ ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಕೆಲವು ಅಳತೆಗಳನ್ನು ಮೆಕ್ಯಾನಿಕ್ ಕಾಲಕಾಲಕ್ಕೆ ತೆಗೆಯಬೇಕು. ನೆಲಕ್ಕೆ ಉಜ್ಜಿ ಉಜ್ಜಿ ಫೋರ್ಕ್ ಸವೆಯುವುದು ಅದು ಬಾಗುವ ಮೂಲೆಯಲ್ಲಿ. ನೆಟ್ಟಗಿನ ಭಾಗ ಸವೆಯುವುದಿಲ್ಲ, ಹಾಗಾಗಿ ಅಲ್ಲಿನ ದಪ್ಪವೇ ಮೂಲ ಅಳತೆ. 45 ಮಿ.ಮೀ. ಫೋರ್ಕ್ ಮೂಲೆಯಲ್ಲಿ 40.5ಕ್ಕೆ ಇಳಿದರೆ ಶೇ. 10 ಸವೆದಂತೆ, ಅದರ ಬಲ ಸುಮಾರು ಶೇ. 20 ಹೋದಂತೆ. ಎರಡೂ ಕಡ್ಡಿಯನ್ನು ಒಟ್ಟಿಗೆ ಬದಲಿಸಿ. ವೆಲ್ಡ್ ಹಾಕಿ ದಪ್ಪ ಮಾಡುವುದು ಬೇಡವೇ ಬೇಡ, ಬಿಸಿಯಾದ ಜಾಗದಲ್ಲೇ ಅದು ಮುರಿಯುತ್ತದೆ. ಎರಡು ತುದಿಗಳ ಎತ್ತರದ ವ್ಯತ್ಯಾಸ ಫೋರ್ಕಿನ ಉದ್ದದ ಶೇ. 3 ಮೀರಬಾರದು, 1070 ಮಿ.ಮೀ. ಫೋರ್ಕಿಗೆ ಸುಮಾರು 32 ಮಿ.ಮೀ. ಚೈನ್ ಹಿಗ್ಗುವುದಕ್ಕೂ ಶೇ. 3ರ ಮಿತಿ: ಹೊಸದರಲ್ಲಿ 300 ಮಿ.ಮೀ. ಇದ್ದ ಭಾಗ 309 ಆದರೆ ಚೈನ್ ತೆಗೆಯಿರಿ. ಪೂರ್ತಿ ಲೋಡ್ ಎತ್ತಿ ಬಿಟ್ಟರೆ 10 ನಿಮಿಷದಲ್ಲಿ 100 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು. ಇಳಿದರೆ ಸಿಲಿಂಡರಿನ ಸೀಲ್ ಅಥವಾ ಕಂಟ್ರೋಲ್ ವಾಲ್ವ್ ನೋಡಿಸಿ. ಎತ್ತುವ ಯಂತ್ರಗಳನ್ನು 12 ತಿಂಗಳಿಗೊಮ್ಮೆಯಾದರೂ ಕಾಂಪಿಟೆಂಟ್ ಪರ್ಸನ್ (ಮಾನ್ಯತೆ ಪಡೆದ ಪರೀಕ್ಷಕರು) ಪೂರ್ತಿ ಪರೀಕ್ಷಿಸಬೇಕು, ದಾಖಲೆ ಇಡಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 29ನೇ ಸೆಕ್ಷನ್ ಹೇಳಿತ್ತು. ಕಾಗದ ಮುಖ್ಯವೇ, ಆದರೆ ವರ್ಷಕ್ಕೊಂದು ಸರ್ಟಿಫಿಕೇಟ್ ಬಂದ ಮಾತ್ರಕ್ಕೆ ಇವತ್ತು ಬೆಳಗ್ಗೆ ಬ್ರೇಕ್ ಹಿಡಿಯುತ್ತದೆ ಎಂದೇನೂ ಅಲ್ಲ.

ಬ್ಯಾಟರಿ ಗಾಡಿಯಲ್ಲಿ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇ. 4 ಆದರೆ ಒಂದು ಕಿಡಿ ಸಾಕು. ಚಾರ್ಜಿಂಗ್ ಜಾಗದಲ್ಲಿ ಗಾಳಿ ಆಡಬೇಕು, ಬ್ಯಾಟರಿ ಕೂರುವ ಪೆಟ್ಟಿಗೆಯ ಮುಚ್ಚಳ ತೆರೆದಿರಬೇಕು, ಬೀಡಿ ಸಿಗರೇಟು ದೂರವಿರಬೇಕು, ಕಣ್ಣು ತೊಳೆಯಲು ನೀರು ಪಕ್ಕದಲ್ಲೇ ಇರಬೇಕು. ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಉಕ್ಕಿ ಆಸಿಡ್ ಹೊರಗೆ ಬರುತ್ತದೆ. ಚಾರ್ಜ್ ಶೇ. 20ಕ್ಕಿಂತ ಕೆಳಗೆ ಇಳಿಸಬೇಡಿ. ಈಗ ಬಹಳ ಕಡೆ ಲಿಥಿಯಂಗೆ ಬದಲಿಸುತ್ತಿದ್ದಾರೆ. ಹಳೆಯ ಲೆಡ್ ಬ್ಯಾಟರಿಯ ತೂಕ ಕೌಂಟರ್‌ವೇಟಿನ ಒಂದು ಭಾಗ ಎಂಬುದನ್ನು ಮರೆತು ಹಗುರ ಬ್ಯಾಟರಿ ಕೂರಿಸಿದರೆ ಗಾಡಿಯ ಸಾಮರ್ಥ್ಯವೇ ಕಡಿಮೆಯಾಗುತ್ತದೆ. ಕನಿಷ್ಠ ಬ್ಯಾಟರಿ ತೂಕ ಎಷ್ಟಿರಬೇಕೆಂದು ಪ್ಲೇಟಿನಲ್ಲಿ ಇರುತ್ತದೆ. ಕೊರತೆ ಬಿದ್ದಷ್ಟನ್ನು ಉಕ್ಕಿನ ಭಾರದಿಂದ ತುಂಬಿಸಬೇಕು.

ಆಪರೇಟರ್ ಒಬ್ಬರ ಹೆಗಲಿಗೆ ಹಾಕಬೇಡಿ

ಅಪಘಾತ ಆದ ಮೇಲೆ ‘ಆಪರೇಟರ್ ಅಜಾಗರೂಕತೆ’ ಎಂದು ರಿಪೋರ್ಟ್ ಬರೆಯುವುದು ಸುಲಭ. ಆದರೆ ಗಾಡಿ ಮತ್ತು ಜನ ಒಂದೇ ಬಾಗಿಲಲ್ಲಿ ಓಡಾಡುವಂತೆ ಮಾಡಿದ್ದು ಆಪರೇಟರ್ ಅಲ್ಲ. ಹಳದಿ ಗೆರೆ ಎಳೆದರೆ ಸಾಲದು, ಗೆರೆ ಯಾರನ್ನೂ ತಡೆಯುವುದಿಲ್ಲ. ಕಬ್ಬಿಣದ ಕಂಬಿ ಹಾಕಿ, ಜನರಿಗೆ ಬೇರೆ ಬಾಗಿಲು ಕೊಡಿ. 3 ಟನ್ ಗಾಡಿ ಪ್ಯಾಲೆಟ್ ಹಿಡಿದು ತಿರುಗಲು ಸಾಲಿನ ನಡುವೆ ಸುಮಾರು 4 ಮೀಟರ್, ಕೆಲವು ಮಾಡೆಲ್‌ಗಳಿಗೆ ಇನ್ನೂ ಹೆಚ್ಚು ಜಾಗ ಬೇಕು. ಹಬ್ಬದ ಸೀಸನ್ನಿನಲ್ಲಿ ಸಾಲಿನಲ್ಲೇ ಮಾಲು ಪೇರಿಸಿ ಅದನ್ನು 3 ಮೀಟರಿಗೆ ಇಳಿಸಿದರೆ ರ‍್ಯಾಕಿಗೆ ತಗಲಿಯೇ ತಗಲುತ್ತದೆ. ‘ಅರ್ಧ ಗಂಟೇಲಿ ಲಾರಿ ಖಾಲಿ ಆಗ್ಬೇಕು’ ಎಂಬ ಒತ್ತಡವೂ ಆಪರೇಟರ್ ಹುಟ್ಟಿಸಿದ್ದಲ್ಲ.

ಬಲ್ಬ್ ಬದಲಿಸಲು, ಮೇಲಿನ ಸ್ಟಾಕ್ ಎಣಿಸಲು ಹೆಲ್ಪರನ್ನು ಪ್ಯಾಲೆಟ್ ಮೇಲೆ ನಿಲ್ಲಿಸಿ ಎತ್ತಬೇಡಿ. ಎತ್ತಿದ ಫೋರ್ಕಿನ ಕೆಳಗೆ ಯಾರೂ ಹಾಯಬಾರದು, ಮಾಸ್ಟಿನ ಸಂದಿಯಲ್ಲಿ ಕೈ ಹಾಕಬಾರದು. ಗಾಡಿ ಬಿಟ್ಟು ಇಳಿಯುವಾಗ ಫೋರ್ಕ್ ಪೂರ್ತಿ ನೆಲಕ್ಕೆ, ತುದಿ ನೆಲ ಮುಟ್ಟುವಂತೆ ಮಾಸ್ಟ್ ಸ್ವಲ್ಪ ಮುಂದಕ್ಕೆ, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಎಂಜಿನ್ ಆಫ್, ಕೀ ಜೇಬಿಗೆ. ಕೀ ಗಾಡಿಯಲ್ಲೇ ಇದ್ದರೆ ಕಲಿಯುವ ಆಸೆಯ ಹುಡುಗರು ಊಟದ ಹೊತ್ತಿನಲ್ಲಿ ಹತ್ತುತ್ತಾರೆ.

ಚೆಕ್‌ಲಿಸ್ಟಿನ ಬಗ್ಗೆ ಒಂದು ವಿಷಯ. ಬೆಂಗಳೂರಿನ ಸುತ್ತಲ ಗೋಡೌನುಗಳಲ್ಲಿ ಗಾಡಿ ಓಡಿಸುವವರು ನಮ್ಮ ಕಲಬುರಗಿ, ರಾಯಚೂರಿನವರೂ ಹೌದು, ಬಿಹಾರ, ಒಡಿಶಾದವರೂ ಹೌದು. ಫಾರಂ ಮಾತ್ರ ಇಂಗ್ಲಿಷಿನಲ್ಲಿ. ಓದದೆಯೇ ಇಪ್ಪತ್ತು ಟಿಕ್ ಬೀಳುತ್ತವೆ, ತಿಂಗಳ ಹಾಳೆಗೆಲ್ಲ ಒಂದೇ ಪೆನ್ನು, ಒಂದೇ ಕೈಬರಹ. ಕನ್ನಡ, ಹಿಂದಿ, ಒಡಿಯಾದಲ್ಲಿ, ಪ್ರತಿ ಭಾಗದ ಚಿತ್ರದ ಜೊತೆ, ಹತ್ತೇ ಸಾಲಿನ ಹಾಳೆ ಮಾಡಿಸಿ. ಬ್ರೇಕ್, ಸ್ಟೀರಿಂಗ್, ಚೈನ್, ಫೋರ್ಕ್, ಹೈಡ್ರಾಲಿಕ್ ಸೋರಿಕೆ ಈ ಐದರಲ್ಲಿ ಒಂದಕ್ಕೆ ‘ಸರಿ ಇಲ್ಲ’ ಬಿದ್ದರೂ ಆಪರೇಟರೇ ಕೀ ತೆಗೆದು, ಸ್ಟೀರಿಂಗಿಗೆ ಕೆಂಪು ಟ್ಯಾಗ್ ಕಟ್ಟಿ, ಸೂಪರ್‌ವೈಸರ್ ಕೈಗೆ ಕೀ ಕೊಡಬೇಕು. ಆ ಟ್ಯಾಗ್ ಬಿಚ್ಚುವುದು ರಿಪೇರಿ ಮಾಡಿದ ಮೆಕ್ಯಾನಿಕ್ ಸಹಿ ಹಾಕಿದ ಮೇಲೆ ಮಾತ್ರ, ಮ್ಯಾನೇಜರ್ ಹೇಳಿದರು ಎಂದಲ್ಲ.